ಬಾಯ್ಲರ್ ಕಾಕಾನ ಉಪ್ಪುನೀರು

ಅವರ ಬಲಗೈಯ ಮೇಲೆ, ಮೊಣಕೈಗಿಂತ ತುಸು ಕೆಳಗೆ, ಬಳೆಯ ಹಾಗೆ ಒಂದು ಬಿಳಿಯ ಗೆರೆ ಇರುತ್ತಿತ್ತು. ಉಪ್ಪಿನದು. ನೀರಿನೊಳಗೆ ಎಷ್ಟು ಆಳಕ್ಕೆ ಕೈ ಇಳಿಸಿದ್ದರೋ ಅಲ್ಲಿಗೆ ಸರಿಯಾಗಿ ಒಣಗಿ ನಿಂತ ಉಪ್ಪು. ಕೈಯ ನರೆಗೂದಲಿನ ತುದಿಯಲ್ಲಿ ಅದು ಸಣ್ಣ ಸಣ್ಣ ಹರಳಾಗಿ ಹೊಳೆಯುತ್ತಿತ್ತು. ರೊಟ್ಟಿಯ ಡಬ್ಬಿ ಇಸಿದುಕೊಳ್ಳಲು ಅವರು ಕೈ ಚಾಚಿದಾಗ ನಾನು ಮುಖ ನೋಡುವ ಮೊದಲು ಅದನ್ನೇ ನೋಡುತ್ತಿದ್ದೆ.

ಬಲಗೈ ಎಂದು ಬರೆದೆ. ಎಡಗೈಯೂ ಇರಬಹುದು. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿದ್ದೇನೆ ಎಂಬುದು ನನಗೆ ಗೊತ್ತಿದೆ. ಆ ದಿನಗಳ ಡೈರಿ ಈಗ ಎದುರಿಗಿದೆ. ಅದರಲ್ಲಿರುವುದಕ್ಕೂ ನನ್ನ ತಲೆಯಲ್ಲಿರುವುದಕ್ಕೂ ಕೆಲವು ಕಡೆ ತಾಳೆಯಾಗುವುದಿಲ್ಲ. ಎಲ್ಲಿ ಆಗುವುದಿಲ್ಲವೋ ಅಲ್ಲಿ ಹಾಗೆಂದೇ ಹೇಳುತ್ತೇನೆ.

ಗಂಗಾವತಿಯ ಒಂದು ಕಾಲೇಜಿನಲ್ಲಿ ಇತಿಹಾಸಕ್ಕೆ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ, ಕುಷ್ಟಗಿ ತಾಲೂಕಿನ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಆಗದೆ ಚಿಗವ್ವನ ಮನೆಯಲ್ಲಿ ಉಳಿದುಕೊಂಡೆ. ಚಿಗವ್ವ ಅಂದರೆ ಅವ್ವನ ತಂಗಿ. ಚಿಗಪ್ಪ ಶ್ರೀರಾಮನಗರದ ಕಡೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಗದ್ದೆ ಮಾಡುತ್ತಿದ್ದರು. ಬೆಳಿಗ್ಗೆ ಹೋದರೆ ಸಂಜೆಗೇ ಮುಖ ಕಾಣುವುದು. ಮನೆಯ ಒಂದು ಗೋಡೆ ಪಕ್ಕದ ಮನೆಗೂ ಅದೇ ಗೋಡೆ. ಅದರ ಆಚೆ ಒಬ್ಬರೇ ಇದ್ದವರು ಬಾಯ್ಲರ್ ಕಾಕಾ.

ಓಣಿಯ ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಕಾರಟಗಿಯಲ್ಲಿ, ಆಮೇಲೆ ಗಂಗಾವತಿಯಲ್ಲಿ, ರೈಸ್ ಮಿಲ್ಲುಗಳಲ್ಲಿ ನೆಲ್ಲು ಕುದಿಸುವ ಬಾಯ್ಲರನ್ನು ಮೂವತ್ತು ವರ್ಷ ನೋಡಿಕೊಂಡವರು. ಬಾಯ್ಲರಿಗೆ ಒಂದು ಗಾಜಿನ ನಳಿಕೆ ಇರುತ್ತದಂತೆ. ಒಳಗೆ ನೀರು ಎಷ್ಟಿದೆ ಎಂಬುದು ಅದರಲ್ಲಿ ಕಾಣುತ್ತದೆ. ನೀರು ಗೆರೆಗಿಂತ ಕೆಳಗಿಳಿದದ್ದನ್ನು ಯಾರೂ ನೋಡದಿದ್ದರೆ ಬಾಯ್ಲರ್ ಸಿಡಿಯುತ್ತದೆ. ಮೂವತ್ತು ವರ್ಷ ಆ ಗೆರೆಯನ್ನೇ ನೋಡಿದ ಕಣ್ಣು ಅವರದು. ಮಾತಾಡುತ್ತಿದ್ದಾಗಲೂ ಆ ಕಣ್ಣು ನನ್ನ ಲೋಟದ ಚಹಾ ಎಲ್ಲಿಗೆ ಇಳಿಯಿತು ಎಂದು ನೋಡುತ್ತಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಇರಕಲ್ಲಗಡಕ್ಕೆ ಕೊಟ್ಟಿದ್ದರು. ಮಧ್ಯಾಹ್ನದ ರೊಟ್ಟಿ ಚಿಗವ್ವನ ಮನೆಯಿಂದ ಹೋಗುತ್ತಿತ್ತು. ಕಾಲೇಜು ಇಲ್ಲದ ದಿನ ಒಯ್ಯುವವಳು ನಾನು.

ಅವರ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ. ಅದು ಮೊದಲು ಅವರು ಕೆಲಸ ಮಾಡುತ್ತಿದ್ದ ಮಿಲ್ಲಿನ ಸಾವ್ಕಾರರ ಹೊಸ ಮನೆಯಲ್ಲಿತ್ತು. ಸಮುದ್ರದ ಮೀನು ಸಾಕುವ ಶೋಕಿ. ಪ್ಯಾಟಿಯಿಂದ ಬಂದವರು ತೊಟ್ಟಿ ಕೂರಿಸಿ, ಉಪ್ಪು ಕಲಸಿ, ಅದೇ ದಿನ ಬಣ್ಣಬಣ್ಣದ ಎಂಟು ಮೀನು ಬಿಟ್ಟು ಹೋದರು. ಹತ್ತು ದಿನದಲ್ಲಿ ಎಂಟೂ ಸತ್ತವು. ಗೃಹಪ್ರವೇಶವಾದ ತಿಂಗಳಿಗೇ ಮನೆಯೊಳಗೆ ಎಂಟು ಸಾವು ಎಂದು ಸಾವ್ಕಾರರ ತಾಯಿ ಊಟ ಬಿಟ್ಟರು. ತೊಟ್ಟಿಯನ್ನು ಒಡೆದು ಹಾಕಿ ಎಂದರು. ಕಾಕಾ ಹೋಗಿ ಕೇಳಿ, ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದರು.

"ನೀರು ನೋಡಿದ್ನವ್ವಾ," ಎಂದು ಅವರು ನನಗೆ ಹೇಳಿದ್ದು ನೆನಪಿದೆ. "ಕನ್ನಡಿ ಇದ್ದಂಗ ಇತ್ತು. ಒಂದು ಕಸರಿಲ್ಲ, ವಾಸನಿ ಇಲ್ಲ. ಅಂಥಾ ನೀರಾಗ ಸತ್ತಾವು. ಅದ ನನಗ ನಿದ್ದಿ ಕೆಡಿಸ್ತು. ಬಾಯ್ಲರಿನ್ಯಾಗ ನೀರು ಕೆಟ್ರ ಗೊತ್ತಾಗತೈತಿ, ಕಿಟ್ಟ ಕಟ್ಟತೈತಿ, ಸಪ್ಪಳ ಬರತೈತಿ. ಇದು ಸುಮ್ಮನ ನಕ್ಕೊಂತ ಕೊಂದೈತಿ."

ಕೊಂದದ್ದು ಅಮೋನಿಯಾ. ಸತ್ತದ್ದು ಕೊಳೆತರೂ ಅದು ಹುಟ್ಟುತ್ತದೆ, ಬದುಕಿದ್ದದ್ದು ಉಸಿರಾಡಿ ಉಚ್ಚೆ ಹೊಯ್ದರೂ ಹುಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಕಲ್ಲಿನ ಮೇಲೆ, ಮರಳಿನೊಳಗೆ ಬಂದು ಮನೆ ಮಾಡಿಕೊಂಡ ಮೇಲೆಯೇ ಮೀನು ಬಿಡಬೇಕು. ಇದನ್ನೆಲ್ಲ ಕಾಕಾ ಫೋನಿನಲ್ಲಿ ವಿಡಿಯೋ ನೋಡಿ, ಅರ್ಥವಾಗದ ಮಾತನ್ನು ನನ್ನ ಕೈಲಿ ಓದಿಸಿ ತಿಳಿದುಕೊಂಡರು. ಅಡಿಗೆಯ ಹರಳುಪ್ಪು ಹಾಕಿ ಒಮ್ಮೆ ಕೆಟ್ಟರು. ಆಮೇಲೆ ಸಮುದ್ರದ ಉಪ್ಪಿನ ಚೀಲ ಪಾರ್ಸಲ್ಲಿನಲ್ಲಿ ಬಂತು. ಓಣಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿನಲ್ಲಿ ನೀರು ಹಿಡಿದು ತಂದು, ನೀಲಿ ಡ್ರಮ್ಮಿನಲ್ಲಿ ಉಪ್ಪು ಕರಗಿಸಿ ತೊಟ್ಟಿ ತುಂಬಿದರು. ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದರು. ನಂತರ ಗಂಜ್ ಮಾರುಕಟ್ಟೆಯ ಹಿಂದಿನ ಮೀನಿನ ಅಂಗಡಿಯಿಂದ ಒಂದು ಸತ್ತ ಸೀಗಡಿ ತಂದು ಒಳಗೆ ಹಾಕಿದರು.

ಮೊಟ್ಟೆಯನ್ನೂ ಮುಟ್ಟದ ಮನುಷ್ಯ, ಕಾಗದದಲ್ಲಿ ಸುತ್ತಿದ ಸೀಗಡಿಯನ್ನು ಎರಡು ಬೆರಳಲ್ಲಿ ಹಿಡಿದು ಓಣಿಯಲ್ಲಿ ನಡೆದು ಬಂದದ್ದನ್ನು ಚಿಗವ್ವ ಕಿಟಕಿಯಿಂದ ನೋಡಿದ್ದಳು.

"ಸತ್ತದ್ದು ಹಾಕಿ ಯಾರನ್ನ ಕರಿಯಾಕ ಹತ್ತೀರಿ ಕಾಕಾ?" ಎಂದು ಹಿತ್ತಲ ಗೋಡೆಯ ಮೇಲಿಂದಲೇ ಕೇಳಿದಳು.

"ಬರಾವ್ರನ್ನ."

"ಬಂದ್ರ ನಮ್ಮನಿ ಕಡೆ ಕಳಿಸಬ್ಯಾಡ್ರಿ ಮತ್ತ. ಇರೋ ಬೀಗರ ಸಾಕಾಗ್ಯಾರ."

ಐದಾರು ವಾರ ಆ ತೊಟ್ಟಿಯಲ್ಲಿ ನೀರು, ಕಲ್ಲು, ಕರಗುತ್ತಿರುವ ಒಂದು ಸೀಗಡಿ ಬಿಟ್ಟು ಏನೂ ಇರಲಿಲ್ಲ. ಆ ಖಾಲಿ ತೊಟ್ಟಿಗೆ ಅವರು ದಿನಾ ದೀಪ ಹಚ್ಚುತ್ತಿದ್ದರು, ಪಂಪು ನಡೆಸುತ್ತಿದ್ದರು, ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಗೋಡೆಯ ಈಚೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದರೆ ಆಚೆಯಿಂದ ಅವರ ಮಾತು ಕೇಳಿಸುತ್ತಿತ್ತು. "ಬರ್ರಿ, ಬರ್ರಿ. ಅಂಜಬ್ಯಾಡ್ರಿ." ಸ್ವಲ್ಪ ಹೊತ್ತು ಬಿಟ್ಟು, "ಬಿಸಲು ಭಾಳ ಆತೇನ್ರಿ?" ಉತ್ತರ ಬಂದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಮಾತು. ಮೊದಮೊದಲು ಯಾರೋ ಬಂದಿದ್ದಾರೆ ಎಂದುಕೊಂಡು ನಾನು ಎರಡು ರೊಟ್ಟಿ ಹೆಚ್ಚು ಒಯ್ದಿದ್ದುಂಟು.

ದಿನಾ ಬೆಳಿಗ್ಗೆ ಗಾಜಿನ ಸಣ್ಣ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು, ಎರಡು ಬಾಟಲಿಯಿಂದ ಹನಿ ಎಣಿಸಿ ಹಾಕಿ, ಅಲುಗಾಡಿಸಿ ಇಡುವರು. ಹಳದಿಯಾಗಿ ಉಳಿದರೆ ಅಮೋನಿಯಾ ಇಲ್ಲ. ಹಸಿರಾದರೆ ಇದೆ. ಗಾಢ ಹಸಿರಾದರೆ ಸಾವು.

"ಐದು ನಿಮಿಷಕ್ಕ ನೋಡಬೇಕು," ಎಂದು ನನಗೆ ಕಲಿಸಿದರು. "ಜಲ್ದಿ ನೋಡಿದ್ರ ಬಣ್ಣ ಬಂದಿರೂದಿಲ್ಲ. ತಡಾ ಮಾಡಿ ನೋಡಿದ್ರ ಬಣ್ಣ ತಾನ ಬದಲಾಗತೈತಿ, ಆಗ ಅದನ್ನ ನಂಬಬಾರದು."

ಇದನ್ನು ಬರೆಯುತ್ತ ನನ್ನನ್ನೇ ಕೇಳಿಕೊಳ್ಳುತ್ತೇನೆ. ನಾನೀಗ ನೋಡುತ್ತಿರುವುದು ಎಷ್ಟು ನಿಮಿಷ ದಾಟಿದ ಬಣ್ಣವನ್ನು?

ಒಂದು ಮಧ್ಯಾಹ್ನ ಡಬ್ಬಿ ಹಿಡಿದು ಹೋದಾಗ ಅವರು ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದರು.

"ಬಂದ್ರು," ಅಂದರು, ಪಿಸುದನಿಯಲ್ಲಿ.

"ಯಾರ್ರಿ ಕಾಕಾ?"

"ಅವ್ರು."

ನಳಿಕೆಯನ್ನು ಬೆಳಕಿಗೆ ಹಿಡಿದರು. ವಾರಗಟ್ಟಲೆ ಹಸಿರಾಗುತ್ತಿದ್ದ ನೀರು ಹೊಂಬಣ್ಣದ ಹಳದಿಯಾಗಿತ್ತು. ತೊಟ್ಟಿಯಲ್ಲಿ ಸೀಗಡಿಯೂ ಇರಲಿಲ್ಲ. ನಾನು ತೊಟ್ಟಿಯ ಕಡೆ ನೋಡಿದೆ. ಏನೂ ಇಲ್ಲ, ಎಂದಿನ ಕಲ್ಲು, ಎಂದಿನ ಮರಳು, ಪಂಪಿಗೆ ನಡುಗುವ ನೀರು. ಆದರೆ ತುಂಬಿದ ಮನೆಯೊಳಕ್ಕೆ ಕಾಲಿಟ್ಟಾಗ ಎಲ್ಲರೂ ಮಾತು ನಿಲ್ಲಿಸಿ ನಮ್ಮನ್ನು ನೋಡಿದರೆ ಹೇಗಿರುತ್ತದೋ ಹಾಗನ್ನಿಸಿತು. ತಲೆಯ ಮೇಲೆ ಸೆರಗು ಹೊದೆಯಬೇಕೇನೋ ಎಂದು ಕೈ ಹೋಯಿತು. ಡೈರಿಯಲ್ಲಿ ಇದಿಲ್ಲ. "ಕಾಕಾನ ತೊಟ್ಟಿ ಸರಿಹೋಯಿತಂತೆ" ಎಂದಷ್ಟೇ ಇದೆ.

ಹುಬ್ಬಳ್ಳಿಗೆ ಹೋಗಿ ಎರಡು ಮೀನು ತಂದರು. ಕಿತ್ತಳೆ ಮೈಗೆ ಬಿಳಿ ಪಟ್ಟಿ. ಒಂದು ದೊಡ್ಡದು, ಒಂದು ಸಣ್ಣದು. ಗಾಳಿ ತುಂಬಿದ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ, ಸರ್ಕಾರಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಬಂದಿದ್ದರು. ಕಂಡಕ್ಟರ್ ಕೂಸಿಗೆ ಟಿಕೆಟ್ ಬೇಡವೇ ಎಂದು ಚೇಷ್ಟೆ ಮಾಡಿದನಂತೆ. ಮೀನುಗಳಿಗೆ ಅವರು ಹೆಸರಿಡಲಿಲ್ಲ. ಅವರ ಗೌರವವೆಲ್ಲ ಕಾಣದವರಿಗೆ. ಮೀನುಗಳಿಗೆ "ಬಾ, ತಿನ್ನು." ಕಾಣದವರಿಗೆ ಮಾತ್ರ "ಬರ್ರಿ."

"ಸಮುದ್ರ ನೋಡೀರೇನ್ರಿ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಇಲ್ಲವ್ವಾ. ಡ್ಯಾಮ್ ನೋಡೀನಿ. ಅದ ನನಗ ಭಾಳ ಆತು."

ಅವರ ದೊಡ್ಡ ಶತ್ರು ಕರೆಂಟು. ಪಂಪು ನಿಂತರೆ ನೀರು ನಿಲ್ಲುತ್ತದೆ. ನೀರು ನಿಂತರೆ ಅದರೊಳಗಿನ ಗಾಳಿ ತೀರುತ್ತದೆ, "ಅವ್ರು" ಉಸಿರುಗಟ್ಟುತ್ತಾರೆ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅಮೋನಿಯಾದ ವಿಷ ಏರುತ್ತದೆ. ಮಧ್ಯಾಹ್ನ ಕರೆಂಟು ಹೋದಾಗ ಓಣಿಯ ಫ್ಯಾನುಗಳೆಲ್ಲ ನಿಂತು, ನಾಯಿಗಳೂ ನೆರಳು ಹಿಡಿದು ಮಲಗಿ, ಊರೇ ಕಿವಿ ಮುಚ್ಚಿಕೊಂಡಂತಾದಾಗ ಗೋಡೆಯ ಆಚೆಯಿಂದ ಒಂದು ಸಪ್ಪಳ ಶುರುವಾಗುತ್ತಿತ್ತು. ಕಾಕಾ ತಾಮ್ರದ್ದಲ್ಲದ ತಂಬಿಗೆಯಲ್ಲಿ — ತಾಮ್ರ ಸಮುದ್ರದ ಜೀವಿಗಳಿಗೆ ವಿಷ ಎಂದು ಸ್ಟೀಲಿನದನ್ನು ತಂದಿದ್ದರು — ತೊಟ್ಟಿಯ ನೀರನ್ನು ಮೊಗೆದು, ಎತ್ತರದಿಂದ ಮತ್ತೆ ಅದೇ ತೊಟ್ಟಿಗೆ ಧಾರೆಯಾಗಿ ಬಿಡುತ್ತಿದ್ದರು. ಮೊಗೆ, ಎತ್ತು, ಬಿಡು. ಮೊಗೆ, ಎತ್ತು, ಬಿಡು. ಒಂದು ತಾಸು, ಎರಡು ತಾಸು, ಕರೆಂಟು ಬರುವ ತನಕ. ಯಾರಿಗೋ ಜಳಕ ಮಾಡಿಸುತ್ತಿರುವ ಸಪ್ಪಳ. ಜಳಕ ಮಾಡುವವರ ದನಿ ಮಾತ್ರ ಇಲ್ಲ.

"ಇನ್ವರ್ಟರ್ ಹಾಕಸ್ರಿ ಕಾಕಾ, ರಟ್ಟಿ ಬಿದ್ದು ಹೋಗತಾವ," ಎಂದು ಚಿಗವ್ವ ಬೈದರೆ, "ಕೂತು ಏನ್ ಮಾಡಲಿ? ಕೈ ಅದಾವಲ್ಲ," ಎನ್ನುವರು. ಚಿಗವ್ವ ಬೈಯುತ್ತಲೇ ಫ್ರಿಜ್ಜಿನಲ್ಲಿ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ಇಟ್ಟಿರುತ್ತಿದ್ದಳು, ತೊಟ್ಟಿಯಲ್ಲಿ ತೇಲಿಬಿಟ್ಟು ನೀರು ತಂಪಾಗಿಡಲು. ಈ ಬಾಟಲಿ ಒಯ್ಯುತ್ತಿದ್ದವಳೂ ನಾನೇ.

ಈಗ ಬರೆಯಲು ಕಷ್ಟವಾದ ಭಾಗ.

ಬೇಸಿಗೆ ಬೆಳೆಗೆ ಗೊಬ್ಬರ ಕೊಡುವ ಹೊತ್ತು. ಕಾಕಾಗೆ ಎದೆ ಹಿಡಿದಂತಾಗಿ ಮಗಳು ಬಂದು ಕೊಪ್ಪಳದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊರಡುವಾಗ ಆಟೋದಲ್ಲಿ ಕೂತು, ಎದೆಯ ಮೇಲೆ ಕೈ ಇಟ್ಟುಕೊಂಡೇ ನನಗೆ ಹೇಳಿದರು.

"ಗೆರಿ ನೋಡ್ಕೋವ್ವಾ. ನೀರು ಕೆಳಗಿಳಿದ್ರ ಘಟಕದ ಸಿಹಿನೀರು ಹಾಕು, ಡ್ರಮ್ಮಿನ ಉಪ್ಪುನೀರು ಹಾಕಬ್ಯಾಡ. ಆವಿ ಆಗಿ ಹೋಗೂದು ನೀರಷ್ಟ. ಉಪ್ಪು ಎಲ್ಲೂ ಹೋಗೂದಿಲ್ಲ, ಇಲ್ಲೇ ಇರತೈತಿ."

ಮರುದಿನ ನೀರು ಗೆರೆಗಿಂತ ಒಂದು ಬೆರಳು ಇಳಿದಿತ್ತು. ಕ್ಯಾನಿನಲ್ಲಿ ನೀರು ತಂದೆ. ತುಂಬಿದ ಕ್ಯಾನನ್ನು ತೊಟ್ಟಿಯ ಎತ್ತರಕ್ಕೆ ಎತ್ತಲಾಗಲಿಲ್ಲ. ಅವರು ಇದಕ್ಕೆಂದೇ ಇಟ್ಟ ಬಕೆಟ್ಟು ಬಚ್ಚಲಲ್ಲಿತ್ತು, ಬಚ್ಚಲಿಗೆ ಅವರ ಮಗಳು ಬೀಗ ಹಾಕಿ ಹೋಗಿದ್ದಳು. ಮನೆಗೆ ಬಂದು ಹಿತ್ತಲಲ್ಲಿದ್ದ ಹಸಿರು ಬಕೆಟ್ಟನ್ನು ತೆಗೆದುಕೊಂಡು, ಒಮ್ಮೆ ನೀರು ಹಾಕಿ ಗಲಬರಿಸಿ, ಅದರಲ್ಲಿ ಸುರಿದು ಸುರಿದು ತೊಟ್ಟಿಯನ್ನು ಗೆರೆಗೆ ತಂದೆ. ಬಕೆಟ್ಟಿನ ನೀರು ಕೈಗೆ ಯಾಕೋ ತುಸು ತಣ್ಣಗೆ ಹತ್ತಿತು. ಬಿಸಿಲಿಗೆ ಹಿತವಾಗಿತ್ತು. ಬಕೆಟ್ಟು ತಂದು ಇದ್ದಲ್ಲಿಯೇ ಇಟ್ಟೆ.

ಮೂರನೆಯ ದಿನ ನಳಿಕೆ ಹಸಿರಾಯಿತು. ನೀರು ಮಾತ್ರ ಕನ್ನಡಿಯ ಹಾಗೇ ಇತ್ತು. ಸಣ್ಣ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು.

ಫೋನ್ ಮಾಡಿದೆ. ಅವತ್ತೇ ಸಂಜೆ ಮಗಳ ಮಾತು ಕೇಳದೆ ಕಾಕಾ ಬಸ್ಸು ಹತ್ತಿ ಬಂದುಬಿಟ್ಟರು. ಕೈಯಲ್ಲಿ ಸೂಜಿ ಚುಚ್ಚಿದ ಪಟ್ಟಿ ಹಾಗೇ ಇತ್ತು. ಬಂದವರೇ ನಳಿಕೆ ನೋಡಿ, ಮೀನಿಗೆ ತಿನಿಸು ನಿಲ್ಲಿಸಿ, ಡ್ರಮ್ಮಿನಿಂದ ಉಪ್ಪುನೀರು ಮೊಗೆದು ಕೊಳವೆಯಲ್ಲಿ ಹಳೆಯ ನೀರು ಇಳಿಸತೊಡಗಿದರು. ಎರಡು ದಿನ ಹೀಗೇ ಇಳಿಸುವುದು, ತುಂಬುವುದು.

"ಬಾಯ್ಲರಿಗೂ ಹಿಂಗ ಬ್ಲೋಡೌನ್ ಕೊಡ್ತಿದ್ವಿ," ಎಂದು ಏದುಸಿರಿನ ನಡುವೆ ನಗಲು ನೋಡಿದರು. "ಕೆಟ್ಟದ್ದು ಹಿಡಕೊಂಡು ಕೂಡಬಾರದು, ಸ್ವಲ್ಪ ಸ್ವಲ್ಪ ಹೊರಗ ಬಿಡಬೇಕು."

ಆಗಲೇ ಕೇಳಿದ್ದು. "ನೀರು ಎಲ್ಲಿಂದು ಹಾಕೀವ್ವಾ?"

"ಘಟಕದ್ದ ರೀ ಕಾಕಾ."

ಅದು ಸುಳ್ಳಲ್ಲ. ಅವರು ನನ್ನ ಮುಖವನ್ನು, ಲೋಟದ ಮಟ್ಟ ನೋಡಿದ ಹಾಗೆ, ಸ್ವಲ್ಪ ಹೊತ್ತು ನೋಡಿದರು. "ಹೌದೇನು," ಎಂದು ಮತ್ತೆ ಕೊಳವೆಯ ಕಡೆ ತಿರುಗಿದರು.

ಅವರು ಕೇಳಿದಾಗ ನನಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ, ಬಕೆಟ್ಟಿನ ಸಂಗತಿ ತಿಳಿದದ್ದು ಆಮೇಲೆ ಎಂದೇ ನಾನು ಬಹಳ ದಿನ ನಂಬಿದ್ದೆ. ನನ್ನ ನೆನಪು ಹಾಗೇ ಹೇಳುತ್ತದೆ. ಡೈರಿ ಬೇರೆ ಹೇಳುತ್ತದೆ. ನೀರು ಹಾಕಿದ ದಿನದ ಪುಟದ ಕೊನೆಯಲ್ಲಿ, ನನ್ನದೇ ಅಕ್ಷರದಲ್ಲಿ, ಚಿಗವ್ವನ ಒಂದು ಮಾತು ಬರೆದಿದ್ದೇನೆ: "ಯೂರಿಯಾ ಬಕೆಟ್ ಯಾರ್ ತೊಳದ್ರಬೇ?" ನಾನು ಸುಮ್ಮನೆ ತೊಳೆದೆ ಎಂದೆನಂತೆ. ಚಿಗಪ್ಪ ಗದ್ದೆಗೆ ಯೂರಿಯಾ ಒಗೆಯಲು ಒಯ್ಯುವ ಬಕೆಟ್ಟು ಅದು. ನೆಲ್ಲು ಬೆಳೆಯುವ ಕಡೆ ಪ್ರತಿ ಹಿತ್ತಲಲ್ಲೂ ಅಂಥದೊಂದು ಇರುತ್ತದೆ. ತಳಕ್ಕೆ ಅಂಟಿ ಗಟ್ಟಿಕಟ್ಟಿದ ಯೂರಿಯಾ ನೀರಲ್ಲಿ ಬಣ್ಣವಿಲ್ಲದೆ ಕರಗುತ್ತದೆ, ಕರಗುವಾಗ ನೀರನ್ನು ತಣ್ಣಗೆ ಮಾಡುತ್ತದೆ, ಎರಡು ದಿನ ಬಿಟ್ಟು ಅಮೋನಿಯಾ ಆಗುತ್ತದೆ.

ಅಂದರೆ ಅವರು ಕೇಳಿದಾಗ ನನಗೆ ಗೊತ್ತಿತ್ತು.

ಸಣ್ಣ ಮೀನು ಸತ್ತಿತು. ದೊಡ್ಡದು ಉಳಿಯಿತು. ಕಾಕಾ ಸತ್ತದ್ದನ್ನು ಬಾಳೆಎಲೆಯ ತುಂಡಿನಲ್ಲಿ ಸುತ್ತಿ ಹಿತ್ತಲ ಕರಿಬೇವಿನ ಬುಡಕ್ಕೆ ಹಾಕಿ ಬಂದರು. ನನ್ನನ್ನು ಏನೂ ಕೇಳಲಿಲ್ಲ. ಆ ವಾರ ಹಸಿರು ಬಕೆಟ್ಟು ನಮ್ಮ ಹಿತ್ತಲಿನಿಂದ ಕಾಣೆಯಾಯಿತು. ಚಿಗವ್ವ ಚಿಗಪ್ಪನಿಗೆ ಬೇರೆ ಬಕೆಟ್ಟು ಕೊಂಡು ತಂದಳು. ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ. ಕಣ್ಣೆದುರಿಗಿಲ್ಲವಲ್ಲ ಎಂದು ಒಳಗೊಳಗೇ ಹಗುರಾದೆ. ನಿಜ ಹೇಳಬೇಕು, ನಾಳೆ ಹೇಳುತ್ತೇನೆ ಎಂದು ಡೈರಿಯಲ್ಲಿ ನಾಲ್ಕು ಸಲ ಬರೆದಿದ್ದೇನೆ.

ಐದನೆಯ ಸಲ ಬರೆಯಲು ಅವಕಾಶವಾಗಲಿಲ್ಲ. ಹತ್ತು ಹನ್ನೆರಡು ದಿನಗಳ ಮೇಲೆ, ಮಧ್ಯಾಹ್ನ, ಡಬ್ಬಿ ಹಿಡಿದು ಹೋದೆ. ಬಾಗಿಲು ತೆರೆದಿತ್ತು. ಕಾಕಾ ಸ್ಟೂಲಿನ ಮೇಲೆ, ಗೋಡೆಗೆ ಒರಗಿ, ತೊಟ್ಟಿಗೆ ಮುಖ ಮಾಡಿ ಕೂತಿದ್ದರು. "ಇವತ್ತ ಪುಂಡಿಪಲ್ಲೆ ಐತ್ರಿ ಕಾಕಾ," ಎಂದು ಡಬ್ಬಿ ಇಟ್ಟೆ. ಕಾಲೇಜಿನ ಸುದ್ದಿ ಏನೋ ಹೇಳಿದೆ. ದೊಡ್ಡ ಮೀನು ಗಾಜಿಗೆ ಹತ್ತಿ ನಿಂತು ಅವರನ್ನೇ ನೋಡುತ್ತಿತ್ತು. ಅವರ ಕಣ್ಣು ತೆರೆದಿತ್ತು, ಸರಿಯಾಗಿ ಕೆಂಪು ಗೆರೆಯ ಮಟ್ಟಕ್ಕೆ. ಕೈಯ ಮೇಲಿನ ಉಪ್ಪಿನ ಬಳೆ ಪೂರಾ ಒಣಗಿತ್ತು. ಎಷ್ಟು ಹೊತ್ತು ಮಾತಾಡಿದ ಮೇಲೆ ನನಗೆ ತಿಳಿಯಿತೋ ಗೊತ್ತಿಲ್ಲ.

ನಾನು ಚೀರಿದೆ, ಚಿಗವ್ವ ಓಡಿ ಬಂದಳು ಎಂದು ಡೈರಿಯಲ್ಲಿದೆ. ನನಗೆ ನೆನಪಿರುವುದು ಬೇರೆ. ಚೀರುವ ಮೊದಲು ನಾನು ಅವರ ಅಂಗಿಯ ಜೇಬಿನಲ್ಲಿದ್ದ ನಳಿಕೆಯನ್ನು ತೆಗೆದು ಬೆಳಕಿಗೆ ಹಿಡಿದೆ. ತಿಳಿ ಹಸಿರು. ಆದರೆ ಅವರು ಹನಿ ಹಾಕಿ ಎಷ್ಟು ಹೊತ್ತಾಗಿತ್ತೋ. ಆ ಬಣ್ಣವನ್ನು ನಂಬುವ ಹಾಗಿರಲಿಲ್ಲ. ನನ್ನ ವಿಷ ಇನ್ನೂ ಉಳಿದಿತ್ತೇ, ಎಲ್ಲ ಸರಿಹೋಗಿತ್ತೇ, ಅವರು ಕೊನೆಗೆ ಕಂಡದ್ದು ಹಳದಿಯನ್ನೋ ಹಸಿರನ್ನೋ ಎಂಬುದು ಆ ನಳಿಕೆಯಿಂದ ತಿಳಿಯುವಂತಿರಲಿಲ್ಲ.

ಮಗಳು ಬಂದಳು. ಯಲಬುರ್ಗಾ ಕಡೆಯಿಂದ ಕಾಕಾನ ಅಣ್ಣನ ಹೆಂಡತಿ, ಬಾಗಿದ ಬೆನ್ನಿನ ಮುದುಕಿ, ಬಂದರು. ಹೆಣ ಎತ್ತಿಕೊಂಡು ಗಂಡಸರು ಹೋದ ಮೇಲೆ ಮುದುಕಿ ಹೊಸ್ತಿಲಲ್ಲಿ ಕೂತು ಹೇಳಿದರು.

"ಮನ್ಯಾಗಿನ ನೀರೆಲ್ಲಾ ಚೆಲ್ರಿ. ಸಾವಿನ ನೀರು ಇಟಗೋಬಾರದು."

ಹಂಡೆ, ಕೊಡ, ಫಿಲ್ಟರು ಎಲ್ಲ ಖಾಲಿಯಾದವು. ಮಗಳು ಅಳುತ್ತಳುತ್ತಲೇ ನೀಲಿ ಡ್ರಮ್ಮನ್ನು ಹಿತ್ತಲಿಗೆ ಎಳೆದಳು. ಅದರಲ್ಲಿ ಕಾಕಾ ಕಲಸಿಟ್ಟ ಉಪ್ಪುನೀರು ಇತ್ತು. ಯಾರೋ ತೊಟ್ಟಿಗೆ ಕೊಳವೆ ಇಳಿಸಿ ಬಾಗಿಲಿಗೆ ಬಿಟ್ಟರು. ನೀರು ಅಂಗಳಕ್ಕೆ ಹರಿಯತೊಡಗಿತು. ಕೆಂಪು ಗೆರೆಯಿಂದ ಒಂದು ಬೆರಳು ಇಳಿಯಿತು, ಎರಡು ಬೆರಳು ಇಳಿಯಿತು. ನಾನು ಗೋಡೆಗೆ ಒರಗಿ ನಿಂತಿದ್ದೆ. ತಡೆಯಲಿಲ್ಲ. ಹರಿದು ಹೋಗಲಿ ಎಂದು ನನ್ನೊಳಗೆ ಯಾವುದೋ ಒಂದು ಮೂಲೆ ಬಯಸಿತೇ? ನೀರು ಹೋದರೆ ಬಕೆಟ್ಟಿನ ಕಥೆಯೂ ಹೋಗುತ್ತದೆ ಎಂದು?

ಕೊಳವೆಯನ್ನು ಮೇಲೆತ್ತಿದವಳು ಚಿಗವ್ವ.

"ಅದು ಮನಿ ನೀರಲ್ಲ ಬೇ ಆಯಿ," ಎಂದಳು. "ಸಮುದ್ರ ಅದು. ಸಮುದ್ರಕ್ಕ ಯಾರ ಸಾವು ತಟ್ಟತೈತಿ?"

ಮುದುಕಿ ಕೋಲೂರಿ ಎದ್ದು ಬಂದು, ತೊಟ್ಟಿಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, ಮುಖ ಕಿವುಚಿ ಉಗುಳಿದರು.

"ಹೌದು. ಬಿಡ್ರಿ ಅದನ್ನ," ಎಂದರು.

ಅಲ್ಲಿಗೆ ಅದು ಉಳಿಯಿತು. ಮಗಳು ಮನೆಗೆ ಬೀಗ ಹಾಕಿ, ಕೀಲಿಯನ್ನು ಚಿಗವ್ವನ ಕೈಯಲ್ಲಿಟ್ಟು, ಮೀನು ಬದುಕಿರುವ ತನಕ ಕರೆಂಟು ತೆಗೆಸುವುದಿಲ್ಲ ಎಂದು ಹೇಳಿ ಹೋದಳು. ಕೀಲಿ ಅಡಿಗೆಮನೆಯ ಮೊಳೆಗೆ ನೇತುಬಿತ್ತು. ನಾನು ದಿನಕ್ಕೊಮ್ಮೆ ಹೋಗಿ ಚಿಟಿಕೆ ತಿನಿಸು ಹಾಕಿ, ನಳಿಕೆ ನೋಡಿ ಬರುತ್ತಿದ್ದೆ. ಆವಿಯಾದಷ್ಟು ಸಿಹಿನೀರು ಹಾಕಿದರೂ ನೀರನ್ನು ಗೆರೆಗಿಂತ ಎರಡು ಬೆರಳು ಕೆಳಗೇ ಇಡುತ್ತಿದ್ದೆ. ಆ ಎರಡು ಬೆರಳು ಹೋದದ್ದು ಆವಿಯಾಗಿ ಅಲ್ಲ, ಉಪ್ಪುನೀರೇ ಹೋಗಿತ್ತು. ಸಿಹಿನೀರು ತುಂಬಿದರೆ ಉಪ್ಪು ತೆಳುವಾಗುತ್ತದೆ. ಡ್ರಮ್ಮು ಖಾಲಿ, ಉಪ್ಪಿನ ಚೀಲ ತೀರಿತ್ತು, ಹೊಸದಕ್ಕೆ ಪಾರ್ಸಲ್ ಹೇಳಿದ್ದೆ, ಬಂದಿರಲಿಲ್ಲ. ಲೆಕ್ಕ ಹಾಕಿ ನೋಡಿದ್ದೆ: ಆ ತೊಟ್ಟಿಯ ಎರಡು ಬೆರಳು ಅಂದರೆ ಸರಿಯಾಗಿ ಒಂದು ಬಕೆಟ್ಟು ನೀರು.

ಒಂಬತ್ತನೆಯ ದಿನ ಕಾಲೇಜಿನಿಂದ ಬೇಗ ಬಂದಿದ್ದೆ. ಸುಡು ಮಧ್ಯಾಹ್ನ. ಕೈಕಾಲು ತೊಳೆದು ಕೋಣೆಗೆ ಬಂದೆ, ಕರೆಂಟು ಹೋಯಿತು. ಫ್ಯಾನು ಕೊನೆಯ ಸುತ್ತು ತಿರುಗಿ ನಿಂತಿತು. ಕಾಕಾನ ಮನೆಯ ಪಂಪೂ ನಿಂತಿರುತ್ತದೆ, ಎದ್ದು ಹೋಗಬೇಕು ಎಂದುಕೊಂಡೆ. ಆಗ ಗೋಡೆಯ ಆಚೆಯಿಂದ ಸಪ್ಪಳ ಬಂತು.

ಮೊಗೆ, ಎತ್ತು, ಬಿಡು. ಮೊಗೆ, ಎತ್ತು, ಬಿಡು.

ನಾನು ಹೆದರಿದೆ ಎಂದು ಬರೆದರೆ ಅದು ಸರಿಯಾಗುವುದಿಲ್ಲ. ಮೊದಲ ಕ್ಷಣ ನನಗೆ ಅದು ತೀರಾ ಸಹಜವೆನ್ನಿಸಿತು. ಕಾಕಾ ಇದ್ದಾರಲ್ಲ, ನಾನು ಹೋಗುವುದು ಬೇಡ ಎಂದುಕೊಂಡೆ. ಆಮೇಲೆ ಕಾಕಾ ಇಲ್ಲವೆಂಬುದು ನೆನಪಾಯಿತು. ಗೋಡೆಗೆ ಅಂಗೈ ಇಟ್ಟೆ. ಸಪ್ಪಳ ನಿಂತಿತು. "ಚಿಗವ್ವಾ," ಎಂದು ಕೂಗಿದೆ. ಅಡಿಗೆಮನೆಗೆ ಬಂದೆ, ಅವಳಿರಲಿಲ್ಲ. ಕೀಲಿ ಮೊಳೆಯಲ್ಲೇ ಇತ್ತು. ತೆಗೆದುಕೊಂಡೆ. ಕೀಲಿ ಒದ್ದೆಯಾಗಿತ್ತು. ಅಥವಾ ನನ್ನ ಕೈಯೇ ಇನ್ನೂ ಒದ್ದೆಯಿತ್ತೇ? ಈಗ ಖಾತ್ರಿಯಾಗಿ ಹೇಳಲಾರೆ.

ಆಚೆ ಮನೆಯ ಬೀಗ ಹಾಕಿದ್ದ ಹಾಗೇ ಇತ್ತು. ತೆರೆದೆ. ಒಳಗೆ ಯಾರೂ ಇರಲಿಲ್ಲ. ಪಂಪು ಸುಮ್ಮನಿತ್ತು, ನೀರು ಮಾತ್ರ ಇನ್ನೂ ಅಲುಗುತ್ತಿತ್ತು. ಮೇಲೆಲ್ಲ ಸಣ್ಣ ಗುಳ್ಳೆ. ನೀರು ಕೆಂಪು ಗೆರೆಯ ಮಟ್ಟಕ್ಕೆ ನಿಂತಿತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ. ಉಪ್ಪು ಅಳೆಯುವ ಮಾಪಕ ತೇಲಿಬಿಟ್ಟೆ. ಉಪ್ಪು ಎಷ್ಟಿರಬೇಕೋ ಅಷ್ಟೇ ಇತ್ತು. ನಳಿಕೆಯಲ್ಲಿ ನೀರು ಹಿಡಿದು ಹನಿ ಎಣಿಸಿ ಹಾಕಿ, ಫೋನು ನೋಡಿಕೊಂಡು ಸರಿಯಾಗಿ ಐದು ನಿಮಿಷ ನಿಂತೆ. ಹಳದಿ.

ಆಗ ಕಣ್ಣಿಗೆ ಬಿದ್ದದ್ದು. ತೊಟ್ಟಿಯ ಕಬ್ಬಿಣದ ಕಾಲುಗಳ ನಡುವೆ, ಒಳಮೂಲೆಯಲ್ಲಿ, ಹಸಿರು ಬಕೆಟ್ಟು ಬೋರಲಾಗಿತ್ತು. ಅದರ ಮೇಲೆ ಸ್ಟೀಲಿನ ತಂಬಿಗೆ. ಎರಡೂ ಒದ್ದೆ. ಬಕೆಟ್ಟನ್ನು ಎತ್ತಿದೆ. ನೆಲದ ಮೇಲೆ ಅದರ ಬಾಯಿಯ ಸುತ್ತಳತೆಗೆ ಉಪ್ಪು ಬಿಳಿಯ ಬಳೆಯಾಗಿ ಕಟ್ಟಿತ್ತು.

ಅಷ್ಟು ಉಪ್ಪು ಕಟ್ಟಲು ಎಷ್ಟು ದಿನ ಬೇಕು? ನಾನು ಬೇರೆ ಬಕೆಟ್ಟು ಇಟ್ಟು ಪರೀಕ್ಷೆ ಮಾಡಿ ನೋಡಿದ್ದೇನೆ. ಒಮ್ಮೆ ವಾರದಲ್ಲಿ ಕಟ್ಟಿತು, ಒಮ್ಮೆ ಇಪ್ಪತ್ತು ದಿನಕ್ಕೂ ಕಟ್ಟಲಿಲ್ಲ. ಕಾಕಾ ಬದುಕಿದ್ದಾಗಲೇ ಅದನ್ನು ನಮ್ಮ ಹಿತ್ತಲಿನಿಂದ ಒಯ್ದು, ತೊಳೆದು ಅಲ್ಲಿ ಇಟ್ಟುಕೊಂಡಿದ್ದರೆ, ನನ್ನ ಸುಳ್ಳು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಹನ್ನೆರಡು ದಿನ ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು "ಬಾರವ್ವಾ" ಎಂದರು. ಚಿಗವ್ವನೇ ಆ ವಾರ ಅದನ್ನು ಎಲ್ಲೋ ಬಚ್ಚಿಟ್ಟು ಅವರು ಸತ್ತ ಮೇಲೆ ಒಯ್ದಿದ್ದರೆ, ಅಂಗಳಕ್ಕೆ ಹರಿದ ಉಪ್ಪುನೀರನ್ನೋ ಡ್ರಮ್ಮಿನದನ್ನೋ ಆ ಗದ್ದಲದಲ್ಲಿ ಅದರೊಳಗೆ ಹಿಡಿದಿಟ್ಟಿದ್ದರೆ, ಕಾಕಾಗೆ ಗೊತ್ತಿರಲಿಲ್ಲ. ನಾನು ಸುಳ್ಳುಗಾರ್ತಿಯಾಗಿಯೇ ಉಳಿದೆ. ಇವೆರಡೂ ಅಲ್ಲದ ಮೂರನೆಯದೊಂದು ಇದೆ. ಅದನ್ನು ನಾನು ಬರೆಯುವುದಿಲ್ಲ.

ತೊಟ್ಟಿ ಈಗಲೂ ಇದೆ. ಕರೆಂಟು ಹೋದರೆ ನಾನೇ ತಂಬಿಗೆ ಹಿಡಿಯುತ್ತೇನೆ. ನನ್ನ ಕೈಯ ಮೇಲೂ ಈಗ ಉಪ್ಪಿನ ಬಳೆ ಕಟ್ಟುತ್ತದೆ. ಬಲಗೈ.

ಅವತ್ತು ಬೀಗ ಹಾಕಿಕೊಂಡು ಮನೆಗೆ ಬಂದಾಗ ಚಿಗವ್ವ ಒಲೆಯ ಮುಂದೆ ಇದ್ದಳು. ಎಲ್ಲಿಗೆ ಹೋಗಿದ್ದಳೋ, ಯಾವಾಗ ಬಂದಳೋ. ಹಂಚಿನ ಮೇಲಿನ ರೊಟ್ಟಿಗೆ ಅಂಗೈಯಿಂದ ನೀರು ಸವರುತ್ತಿದ್ದಳು. ನಾನು ಬಕೆಟ್ಟನ್ನು ಅವಳ ಎದುರಿಗಿಟ್ಟೆ. ನೋಡಿದಳು. ರೊಟ್ಟಿ ತಿರುವಿ ಹಾಕಿದಳು.

ಆ ದಿನ ಕೇಳಿದ್ದನ್ನು ಆಮೇಲೂ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಅವಳು ಅಂಗೈಯನ್ನು ನೀರಿಗದ್ದಿ ಇನ್ನೊಂದು ರೊಟ್ಟಿಗೆ ಸವರುತ್ತಾಳೆ.

"ಚಿಗವ್ವಾ, ಈ ಬಕೆಟ್ ಕಾಕಾನ ಮನಿಗೆ ಯಾವಾಗ ಹೋತು?"